ಯೂನಿಫಾರ್ಮ್ ಉಂಟು, ಮಗಳಿಗೆ ಸೀಟು ಉಂಟಾ?

ಈ ಸಲ ಬಂದ ಪತ್ರಗಳೆಲ್ಲ ಮಕ್ಕಳ ಓದಿನ ಬಗ್ಗೆಯೇ. ಪ್ಲಸ್ ಟು ರಿಸಲ್ಟ್ ಹತ್ತಿರ ಬಂತಲ್ಲ, ಆಶ್ಚರ್ಯವಿಲ್ಲ. ಹೊಸದಾಗಿ ಓದುವವರಿಗೆ ಒಂದು ಮಾತು. ನಾನು ಸೈನ್ಯದಲ್ಲಿ 24 ವರ್ಷ ಕ್ಲರ್ಕ್ ಆಗಿದ್ದವ. ಸುಬೇದಾರನಾಗಿ ನಿವೃತ್ತಿಯಾಗಿ ಈಗ ಕಾಸರಗೋಡಿನ ನೀರ್ಚಾಲಿನಲ್ಲಿ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಗುಂಡು ಹಾರಿಸಿದ್ದಕ್ಕಿಂತ ಫೈಲು ಹೊತ್ತದ್ದೇ ಜಾಸ್ತಿ. ಹಾಗಾಗಿ ಕಾಗದದ ಬಗ್ಗೆ ಕೇಳಿದರೆ ಧೈರ್ಯವಾಗಿ ಉತ್ತರ ಕೊಡುತ್ತೇನೆ.

ಪ್ರಶ್ನೆ: ಸುಬೇದಾರರೇ, ನನ್ನ ಗಂಡ ಟೆರಿಟೋರಿಯಲ್ ಆರ್ಮಿಯಲ್ಲಿ ಕ್ಯಾಪ್ಟನ್. ಕಮಿಷನ್ ಆಗಿ, ಅಂದರೆ ಆಫೀಸರ್ ಆಗಿ ಸೇರಿ, 9 ವರ್ಷ ಆಯಿತು. ವರ್ಷಕ್ಕೆ ಎರಡು ತಿಂಗಳು ಟ್ರೈನಿಂಗಿಗೆ ಹೋಗುತ್ತಾರೆ, ಉಳಿದ ಸಮಯ ಮಂಗಳೂರಿನಲ್ಲಿ ಅವರದೇ ಕೆಲಸ. ಮಗಳು ಪ್ಲಸ್ ಟು ಸಯನ್ಸ್. ಕೇರಳದ ಎಂಜಿನಿಯರಿಂಗ್, ಮೆಡಿಕಲ್ ಸೀಟಿನ ಕೀಮ್ ಅರ್ಜಿಯಲ್ಲಿ ಮಾಜಿ ಸೈನಿಕರ ಮಕ್ಕಳಿಗೆ ಅಂತ ಒಂದು ಕಾಲಂ ಉಂಟು. ಅದಕ್ಕೆ ಟಿಕ್ ಹಾಕಬಹುದಾ? ಪ್ರಧಾನಮಂತ್ರಿ ಸ್ಕಾಲರ್‌ಶಿಪ್ ಸಿಗುತ್ತದಾ?
– ಒಬ್ಬ ತಾಯಿ, ಬದಿಯಡ್ಕ

ಉತ್ತರ: ತಂಗಿ, ಟಿಕ್ ಹಾಕಬೇಡಿ. ನಿಮ್ಮ ಗಂಡ ಇನ್ನೂ ಕೆಲಸದಲ್ಲಿದ್ದಾರೆ, ‘ಮಾಜಿ’ ಆಗಿಯೇ ಇಲ್ಲ. ಅದು ಮೊದಲ ಮಾತು. ಎರಡನೆಯದು ಸ್ವಲ್ಪ ಕಹಿ. ನಾಳೆ ಅವರು ಟೆರಿಟೋರಿಯಲ್ ಆರ್ಮಿ ಬಿಟ್ಟು ಮನೆಗೆ ಬಂದರೂ ತನ್ನಷ್ಟಕ್ಕೆ ಮಾಜಿ ಸೈನಿಕ ಆಗುವುದಿಲ್ಲ.

ನಮ್ಮ ಕಡೆ ಟೆರಿಟೋರಿಯಲ್ ಆರ್ಮಿ ಅಂದ ಕೂಡಲೇ ಜನರಿಗೆ ನೆನಪಾಗುವುದು ನಟ ಮೋಹನ್‌ಲಾಲ್. 2009ರಲ್ಲಿ ಅವರಿಗೆ ಲೆಫ್ಟಿನೆಂಟ್ ಕರ್ನಲ್ ಪದವಿ ಕೊಟ್ಟರಲ್ಲ, ಅದು ಗೌರವದ ಪದವಿ. ನಿಮ್ಮವರದು ಹಾಗಲ್ಲ, ಪರೀಕ್ಷೆ, ಇಂಟರ್‌ವ್ಯೂ ಎಲ್ಲ ಪಾಸಾಗಿ ಸಿಕ್ಕಿದ ನಿಜವಾದ ಕಮಿಷನ್. ಸೇವೆಗೆ ಕರೆದಾಗ ಸಂಬಳ, ಭತ್ಯೆ ಎಲ್ಲ ರೆಗ್ಯುಲರ್ ಆಫೀಸರ್‌ಗಳಂತೆಯೇ. ಅದರಲ್ಲಿ ತಾರತಮ್ಯ ಇಲ್ಲ. ತೊಡಕು ಬರುವುದು ಬಿಟ್ಟು ಬಂದ ಮೇಲೆ.

ಮಾಜಿ ಸೈನಿಕ ಯಾರು ಅಂತ ಕೇಂದ್ರ ಸರಕಾರದ 1979ರ ನಿಯಮದಲ್ಲಿ ಬರೆದಿದೆ. ಆಮೇಲೆ ಅದಕ್ಕೆ ತಿದ್ದುಪಡಿಗಳೂ ಆಗಿವೆ. ಟೆರಿಟೋರಿಯಲ್ ಆರ್ಮಿಯವರಲ್ಲಿ ಮೂರೇ ಬಗೆಯವರನ್ನು ಅದು ಒಪ್ಪುತ್ತದೆ. ಸತತವಾಗಿಯೋ ಬಿಡಿಬಿಡಿಯಾಗಿಯೋ ಎಂಬಾಡೀಡ್ ಸರ್ವಿಸ್ ಮಾಡಿ ಪಿಂಚಣಿ ಪಡೆದವರು, ಸೈನಿಕ ಸೇವೆಯಿಂದಲೇ ಅಂಗವೈಕಲ್ಯ ಆದವರು, ಶೌರ್ಯ ಪದಕ ಬಂದವರು. ಎಂಬಾಡೀಡ್ ಅಂದರೆ ಯೂನಿಟ್ಟನ್ನೇ ಸೇವೆಗೆ ಕರೆದು ಪೂರ್ತಿ ಹೊತ್ತಿನ ಸೈನಿಕರಂತೆ ಇಟ್ಟುಕೊಂಡ ಕಾಲ. ಪಿಂಚಣಿಗೆ ಆ ಲೆಕ್ಕ ಜವಾನರಿಗೆ 15 ವರ್ಷ, ಆಫೀಸರ್‌ಗಳಿಗೆ 20 ವರ್ಷ.

ಈಗ ನೀವೇ ಗುಣಿಸಿ ನೋಡಿ. ವರ್ಷಕ್ಕೆ ಎರಡು ತಿಂಗಳು, 9 ವರ್ಷಕ್ಕೆ 18 ತಿಂಗಳು. ಅಷ್ಟನ್ನೂ ಸೇರಿಸಿದರೂ ಒಂದೂವರೆ ವರ್ಷ. ಹೀಗೇ ಹೋದರೆ 20 ವರ್ಷ ತುಂಬಲು 120 ವರ್ಷ ಬೇಕು! ನಿಮ್ಮ ಗಂಡನ ಸೇವೆಯನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ಟೆರಿಟೋರಿಯಲ್ ಆರ್ಮಿಗೆ ಸೇರುವ ಹುಡುಗರಿಗೆ ಈ ಲೆಕ್ಕವನ್ನು ಯಾರೂ ಕೂರಿಸಿ ಹೇಳುವುದಿಲ್ಲ ಎಂಬ ಬೇಜಾರು ನನಗುಂಟು.

ಕೀಮ್‌ನಲ್ಲಿ ಮಾಜಿ ಸೈನಿಕರ ಮಕ್ಕಳಿಗೆ ಎಕ್ಸ್‌ಎಸ್ ಅಂತ ಒಂದು ಕೋಡ್ ಇದೆ, ಸೇವೆಯಲ್ಲಿ ಇರುವವರ ಮಕ್ಕಳಿಗೆ ಎಸ್‌ಡಿ ಅಂತ ಬೇರೆಯೇ ಇದೆ. ನಿಮ್ಮವರಿಂದ ಯೂನಿಟ್‌ನ ಆಡಳಿತ ನೋಡುವ ಆಫೀಸರ್, ಅಂದರೆ ಅಡ್ಜುಟೆಂಟ್‌ಗೆ ಒಂದು ಫೋನ್ ಮಾಡಿಸಿ. ಈಗ ಸೇವೆಯಲ್ಲಿದ್ದಾರೆ ಅಂತ ಯೂನಿಟ್‌ನವರು ಸರ್ಟಿಫಿಕೇಟ್ ಬರೆದು ಕೊಟ್ಟರೆ ಎಸ್‌ಡಿ ಪ್ರಯತ್ನಿಸಿ. ಕೊಡದಿದ್ದರೆ ಎರಡನ್ನೂ ಖಾಲಿ ಬಿಡಿ. ಸ್ಕಾಲರ್‌ಶಿಪ್ ಮಾತ್ರ ಈಗ ಇಲ್ಲ. ಅದು ಮಾಜಿ ಸೈನಿಕರ ಮಕ್ಕಳಿಗೆ.

ಪ್ರಶ್ನೆ: ನಾನು ನಿವೃತ್ತ ಹವಾಲ್ದಾರ್. ಮಗಳು ಈ ವರ್ಷ ಬಿ.ಟೆಕ್ ಸೇರಿದ್ದಾಳೆ, ಪ್ಲಸ್ ಟುವಿನಲ್ಲಿ 81 ಪರ್ಸೆಂಟ್. ಸೈನ್ಯ ಬಿಡುವಾಗ ಕೊಟ್ಟ ಡಿಸ್ಚಾರ್ಜ್ ಬುಕ್ಕಿನಲ್ಲಿ ಅವಳ ಹೆಸರು ಒಂದು ರೀತಿ, ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ ಇನ್ನೊಂದು ರೀತಿ. ಒಂದೇ ಅಕ್ಷರದ ವ್ಯತ್ಯಾಸ. ಮುಂದಿನ ವರ್ಷ ನಿಧಾನಕ್ಕೆ ಸರಿ ಮಾಡಿಸಿ ಪ್ರಧಾನಮಂತ್ರಿ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿದರೆ ಆಗದಾ?
– ಮುಳ್ಳೇರಿಯದಿಂದ

ಉತ್ತರ: ಆಗುವುದಿಲ್ಲ! ಈ ಪತ್ರ ಓದಿ ನನಗೆ ಊಟ ಸೇರಲಿಲ್ಲ. ಯಾಕೆ ಅಂತ ಹೇಳುತ್ತೇನೆ.

ನನ್ನ ಮಗಳ ಹೆಸರು ವಿದ್ಯಾ. ಅವಳು ಹುಟ್ಟಿದಾಗ ನಾನು ಈಶಾನ್ಯದ ಕಡೆ ಪೋಸ್ಟಿಂಗಿನಲ್ಲಿದ್ದೆ. ಮಗು ಹುಟ್ಟಿದರೆ ಪಾರ್ಟ್ ಟು ಆರ್ಡರ್ ಹೊರಡಿಸಬೇಕು, ಆಗ ಮಾತ್ರ ಆ ಹೆಸರು ರೆಕಾರ್ಡ್ ಆಫೀಸಿಗೆ ಹೋಗುತ್ತದೆ. ನನ್ನ ಕೈಕೆಳಗಿನ ಬಂಗಾಳಿ ಹುಡುಗ ಟೈಪ್ ಮಾಡಿದ. ಅವನ ನಾಲಗೆಯಲ್ಲಿ ‘ವ’ ಇಲ್ಲ, ಎಲ್ಲವೂ ‘ಬ’. ವಿದ್ಯಾ ಹೋಗಿ ಬಿದ್ಯಾ ಆದಳು. ಆ ಕಾಗದವನ್ನು ಚೆಕ್ ಮಾಡಬೇಕಾಗಿದ್ದ ಕ್ಲರ್ಕ್ ಯಾರು? ನಾನೇ. ಸಾವಿರಾರು ಜನರ ಮಕ್ಕಳ ಹೆಸರು ತಿದ್ದಿದವ ಸ್ವಂತ ಮಗಳದ್ದನ್ನು ನೋಡದೆ ಮೂಲೆಯಲ್ಲಿ ಇನಿಶಿಯಲ್ ಹಾಕಿ ಬಿಟ್ಟಿದ್ದೆ.

ನಿವೃತ್ತನಾಗಿ ಬಂದ ಮೇಲೆ ಡಿಸ್ಚಾರ್ಜ್ ಬುಕ್ಕನ್ನು ಜವಳಿ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ನುಸಿಗುಳಿಗೆ ಹಾಕಿ, ಕಪಾಟಿನಲ್ಲಿ ಹೆಂಡತಿಯ ಧಾರೆ ಸೀರೆಯ ಕೆಳಗೆ ಇಟ್ಟಿದ್ದೆ. ಬಂಗಾರದ ಹಾಗೆ ಕಾಪಾಡಿದ್ದೇನೋ ನಿಜ. ಬಿಡಿಸಿ ಓದಿರಲಿಲ್ಲ. ಮಗಳು ಕಾಲೇಜು ಸೇರಿದ ಮೇಲೆ ಅರ್ಜಿ ಹಿಡಿದು ಆಫೀಸಿಗೆ ಹೋದಾಗ, ಮೇಜಿನ ಆಚೆ ಕೂತವರು ಕುಟುಂಬದ ಪುಟ ತೆಗೆದು ಬೆರಳಿಟ್ಟು ತೋರಿಸಿದರು. ಶಾಯಿ ಮಾಸಿ ಕಂದು ಬಣ್ಣ ಆಗಿತ್ತು, ‘ಬಿ’ ಮಾತ್ರ ಸ್ಪಷ್ಟವಾಗಿತ್ತು. ಜನನ ಪ್ರಮಾಣಪತ್ರ, ಅಫಿಡವಿಟ್, ರೆಕಾರ್ಡ್ ಆಫೀಸಿಗೆ ಪತ್ರ, ಅಲ್ಲಿಂದ ಉತ್ತರ ಅಂತ ಎಂಟು ತಿಂಗಳು ಹಿಡಿಯಿತು. ಅಷ್ಟರಲ್ಲಿ ಆ ವರ್ಷದ ಅರ್ಜಿ ಮುಗಿದಿತ್ತು. ಮರುವರ್ಷ ಹಾಕಲಿಕ್ಕೆ ಇಲ್ಲ. ಯಾಕೆಂದರೆ ಪ್ರಧಾನಮಂತ್ರಿ ಸ್ಕಾಲರ್‌ಶಿಪ್‌ಗೆ ಮೊದಲ ವರ್ಷದಲ್ಲಿ ಓದುತ್ತಿರುವಾಗಲೇ ಅರ್ಜಿ ಹಾಕಬೇಕು. ಮಗಳು ಏನೂ ಅನ್ನಲಿಲ್ಲ. ಈಗಲೂ ಒಮ್ಮೊಮ್ಮೆ ಫೋನಿನಲ್ಲಿ “ಅಪ್ಪಾ, ಬಿದ್ಯಾ ಮಾತಾಡುವುದು” ಅಂತ ಶುರು ಮಾಡುತ್ತಾಳೆ.

ಹಾಗಾಗಿ ನೀವು ನಾಳೆಯೇ ಹೊರಡಿ. ವಿದ್ಯಾನಗರದ ಸಿವಿಲ್ ಸ್ಟೇಷನ್ನಿನಲ್ಲಿ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿ ಇದೆ. ಡಿಸ್ಚಾರ್ಜ್ ಬುಕ್, ಪಿಪಿಒ (ಪಿಂಚಣಿ ಆದೇಶ), ಮಗಳ ಜನನ ಪ್ರಮಾಣಪತ್ರ, ಎಸ್‌ಎಸ್‌ಎಲ್‌ಸಿ ಕಾರ್ಡ್, ಎಲ್ಲದರ ಒರಿಜಿನಲ್ ತೆಗೆದುಕೊಂಡು ಹೋಗಿ. ಹೆಸರು ತಿದ್ದುಪಡಿಗೆ ಅವತ್ತೇ ಕೊಡಿ. ಅರ್ಜಿಯನ್ನು ಅದಕ್ಕಾಗಿ ಕಾಯಿಸಬೇಡಿ. ಎರಡೂ ಹೆಸರು ಒಬ್ಬಳದ್ದೇ ಎಂಬ ಅಫಿಡವಿಟ್ ಸೇರಿಸಿ ಒಪ್ಪುತ್ತಾರಾ ಅಂತ ಅಲ್ಲಿಯೇ ಕೇಳಿ. ಅರ್ಜಿ ಕೇಂದ್ರೀಯ ಸೈನಿಕ ಮಂಡಳಿಯ ವೆಬ್‌ಸೈಟಿನಲ್ಲಿ ಹಾಕುವುದು. ಕೈಲಾಗದಿದ್ದರೆ ಅಕ್ಷಯ ಕೇಂದ್ರದ ಹುಡುಗಿಯರು ಮಾಡಿಕೊಡುತ್ತಾರೆ. ಆದರೆ ಹೆಸರಿನ ಸ್ಪೆಲ್ಲಿಂಗ್ ಹೇಳುವಾಗ ಪಕ್ಕದಲ್ಲೇ ನಿಂತಿರಿ. ನಮ್ಮ ಜಿಲ್ಲೆಯಲ್ಲಿ ಒಂದು ಹೆಸರು ಕನ್ನಡದಿಂದ ಮಲಯಾಳಕ್ಕೆ, ಅಲ್ಲಿಂದ ಇಂಗ್ಲಿಷಿಗೆ ಹೋಗುವಷ್ಟರಲ್ಲಿ ಏನಾಗುತ್ತದೆ ಅಂತ ನಿಮಗೇ ಗೊತ್ತಲ್ಲ.

ಅವಳ ಮಾರ್ಕಿಗೆ ತೊಂದರೆ ಇಲ್ಲ, 60 ಪರ್ಸೆಂಟ್ ಸಾಕು. ಹೆಣ್ಣುಮಕ್ಕಳಿಗೆ ತಿಂಗಳಿಗೆ 3,000, ಗಂಡುಮಕ್ಕಳಿಗೆ 2,500 ರೂಪಾಯಿ. ವರ್ಷಕ್ಕೊಮ್ಮೆ ಒಟ್ಟಿಗೆ ಬ್ಯಾಂಕಿಗೆ ಬರುತ್ತದೆ, ನಿಮ್ಮ ಮಗಳಿಗಾದರೆ 36,000. ದೇಶಕ್ಕೆಲ್ಲ ವರ್ಷಕ್ಕೆ ಕೊಡುವುದು 5,500 ಮಕ್ಕಳಿಗೆ, ಅರ್ಧ ಹುಡುಗರಿಗೆ, ಅರ್ಧ ಹುಡುಗಿಯರಿಗೆ. ಯುದ್ಧದಲ್ಲಿ ಮಡಿದವರ, ಗಾಯಗೊಂಡವರ ಮಕ್ಕಳಿಗೆ ಮೊದಲ ಪಾಳಿ, ಅದು ನ್ಯಾಯವೇ. ಒಮ್ಮೆ ಸಿಕ್ಕಿದರೆ ಪ್ರತಿ ವರ್ಷ 50 ಪರ್ಸೆಂಟ್ ತೆಗೆದು ಪಾಸಾಗಬೇಕು, ಇಲ್ಲದಿದ್ದರೆ ನಿಂತುಹೋಗುತ್ತದೆ.

ಪ್ರಶ್ನೆ: ನನ್ನ ತಮ್ಮ ಸೀಮಿತ ಅವಧಿಯ ಶಾರ್ಟ್ ಸರ್ವಿಸ್ ಕಮಿಷನ್‌ನಲ್ಲಿ 10 ವರ್ಷ ಇದ್ದು ಬಂದಿದ್ದಾನೆ. ಪಿಂಚಣಿ ಇಲ್ಲ, ಗ್ರಾಚ್ಯುಟಿ ಮಾತ್ರ ಸಿಕ್ಕಿದೆ. ಅವನನ್ನು ಮಾಜಿ ಸೈನಿಕ ಅನ್ನಬಹುದೇ?
– ಕುಂಬಳೆಯಿಂದ

ಉತ್ತರ: ಅನ್ನಬಹುದು. ಒಪ್ಪಿಕೊಂಡ ಅವಧಿ ಮುಗಿಸಿ, ಗ್ರಾಚ್ಯುಟಿ ತೆಗೆದುಕೊಂಡು ಬಂದವರು ಪಿಂಚಣಿ ಇಲ್ಲದಿದ್ದರೂ ಮಾಜಿ ಸೈನಿಕರೇ. ನಡುವೆ ಸ್ವಂತ ಇಚ್ಛೆಯಿಂದ ಬಿಟ್ಟು ಬಂದಿದ್ದರೆ ಕತೆ ಬೇರೆ. ಬಿಡುಗಡೆಯ ಆದೇಶದಲ್ಲಿ ಕಾರಣ ಏನು ಬರೆದಿದೆ ಅಂತ ನೋಡಿ. ಜಿಲ್ಲಾ ಕಚೇರಿಯಲ್ಲಿ ಹೆಸರು ನೋಂದಾಯಿಸಿ ಐಡಿ ಕಾರ್ಡ್ ಮಾಡಿಸಿದ್ದಾನಾ? ಸೈನ್ಯದ ಕ್ಯಾಂಟೀನ್ ಕಾರ್ಡ್ ತೋರಿಸಿ ಸೀಟು ಕೇಳುವವರನ್ನು ನಾನು ಕಂಡಿದ್ದೇನೆ. ಅದಕ್ಕೆ ರಮ್ ಸಿಗುತ್ತದೆ, ಅಷ್ಟೆ.

ಪ್ರಶ್ನೆ: ಮನೆಮಾತು ತುಳು, ಮಗ ಓದಿದ್ದೆಲ್ಲ ಇಲ್ಲಿಯೇ, ಕನ್ನಡ ಮಾಧ್ಯಮದಲ್ಲಿ. ಎಂಜಿನಿಯರಿಂಗ್ ಕರ್ನಾಟಕದಲ್ಲಿ ಮಾಡುವ ಆಸೆ. ನಾನು ನಿವೃತ್ತ ನಾಯಕ್. ಅಲ್ಲಿ ಮಾಜಿ ಸೈನಿಕರ ಕೋಟಾ ಸಿಗುತ್ತದಾ?
– ಮಂಜೇಶ್ವರದಿಂದ

ಉತ್ತರ: ಅಲ್ಲಿಯ ನಿಯಮ ಕೇಳುವುದು ಸೈನ್ಯಕ್ಕೆ ಸೇರುವಾಗ ನೀವು ಬರೆಸಿದ ಸ್ವಂತ ಊರು ಯಾವುದು ಅಂತ. ಅದು ಕರ್ನಾಟಕದಲ್ಲಿ ಇರಬೇಕು. ನಿಮ್ಮದು ಮಂಜೇಶ್ವರ ಅಂತ ಇದ್ದರೆ ಆ ಬಾಗಿಲು ಮುಚ್ಚಿತು. ಉಪ್ಪಳದಿಂದ ಗಡಿಯ ತಲಪಾಡಿಗೆ ಎಷ್ಟು ದೂರ ಅಂತ ಯಾರೂ ಕೇಳುವುದಿಲ್ಲ.

ಬೇಸರ ಬೇಡ, ಪಕ್ಕದಲ್ಲೇ ಇನ್ನೊಂದು ಬಾಗಿಲು ಇದೆ. ಗಡಿನಾಡ ಕನ್ನಡಿಗರಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಬೇರೆಯೇ ಅವಕಾಶ ಇಟ್ಟಿದೆ. ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳ ಹೆಸರು ಅದರಲ್ಲಿದೆ. ಅತ್ತ ಸೊಲ್ಲಾಪುರದ ಕಡೆಯ ಅಕ್ಕಲಕೋಟೆ, ಸಾಂಗಲಿಯ ಜತ್ತ ಕೂಡ ಇವೆ. ಮನೆಮಾತು ಕನ್ನಡ, ತುಳು ಅಥವಾ ಕೊಡವ ಆಗಿರಬೇಕು. ತಹಶೀಲ್ದಾರರ ಪ್ರಮಾಣಪತ್ರ ಬೇಕು. ಪ್ರಾಧಿಕಾರ ಈ ಮಕ್ಕಳಿಗೆ ಒಂದು ಕನ್ನಡ ಪರೀಕ್ಷೆಯನ್ನೂ ಮಾಡುತ್ತದೆ. ಕನ್ನಡ ಮಾಧ್ಯಮದ ಹುಡುಗನಿಗೆ ಅದೇನು ಮಹಾ, ಅಲ್ವಾ? ವಿಲ್ಲೇಜ್ ಆಫೀಸಿನಿಂದ ಶುರು ಮಾಡಿ. ಅರ್ಜಿ ಮಲಯಾಳದಲ್ಲೇ ಇರಬೇಕು ಅಂತ ಯಾರಾದರೂ ಹೇಳಿದರೆ ಸುಮ್ನೆ ಜಗಳಕ್ಕೆ ಹೋಗಬೇಡಿ, ಕನ್ನಡದಲ್ಲಿ ಬರೆದದ್ದನ್ನು ಕೊಟ್ಟು ರಸೀದಿ ಕೇಳಿ.

ಪ್ರಶ್ನೆ: ಯಜಮಾನರು ಹವಾಲ್ದಾರ್ ಆಗಿ ನಿವೃತ್ತಿಯಾಗಿದ್ದರು, ತೀರಿಕೊಂಡು ಎರಡು ವರ್ಷ ಆಯಿತು. ಮಕ್ಕಳು ಎಂಟನೇ ಮತ್ತು ಐದನೇ ಕ್ಲಾಸು. ಕಾಗದ ನೋಡುವವರು ಯಾರೂ ಇಲ್ಲ. ಶಾಲೆಯ ಮಕ್ಕಳಿಗೂ ಏನಾದರೂ ಉಂಟಾ ಅಣ್ಣಾ?
– ಪೆರ್ಲದಿಂದ

ಉತ್ತರ: ಉಂಟು ಅಕ್ಕ. ಹವಾಲ್ದಾರ್ ಮತ್ತು ಅದಕ್ಕಿಂತ ಕೆಳಗಿನ ರ‍್ಯಾಂಕಿನವರ ಮಕ್ಕಳಿಗೆ, ಒಂದನೇ ಕ್ಲಾಸಿನಿಂದ ಡಿಗ್ರಿವರೆಗೆ, ಇಬ್ಬರು ಮಕ್ಕಳ ತನಕ ಶಿಕ್ಷಣ ಧನಸಹಾಯ ಇದೆ. ಮೊದಲು ಮಗುವಿಗೆ ತಿಂಗಳಿಗೆ 1,000 ಇತ್ತು. 2025ರ ನವೆಂಬರ್ 1ರಿಂದ ಹಾಕುವ ಅರ್ಜಿಗಳಿಗೆ 2,000 ಮಾಡಿದ್ದಾರೆ. ದುಡ್ಡು ಧ್ವಜ ದಿನಾಚರಣೆಯ ನಿಧಿಯಿಂದ ಬರುವುದು. ಡಿಸೆಂಬರ್ 7ಕ್ಕೆ ಶಾಲೆಯಲ್ಲಿ ಮಕ್ಕಳ ಅಂಗಿಗೆ ಪುಟ್ಟ ಧ್ವಜ ಚುಚ್ಚಿ ಚಿಲ್ಲರೆ ತೆಗೆದುಕೊಳ್ಳುತ್ತಾರಲ್ಲ, ಅದೇ. ನೀವೇ ಮುಂದೆ ಓದುವುದಾದರೂ ದಾರಿ ಇದೆ. ವಿಧವೆಯರ ಎರಡು ವರ್ಷದ ಸ್ನಾತಕೋತ್ತರ ಓದಿಗೂ ಇದೇ ಸಹಾಯ ಕೊಡುತ್ತಾರೆ.

ಮಕ್ಕಳು ಕ್ಲಾಸು ಪಾಸಾದ ಮೇಲೆ ಮಾರ್ಕ್ ಶೀಟ್ ಸಮೇತ ಅರ್ಜಿ ಹಾಕಬೇಕು. ಕಾಗದ ನೋಡುವವರು ಯಾರೂ ಇಲ್ಲ ಅಂತ ಬರೆದಿದ್ದೀರಿ. ಭಾನುವಾರ ಬೆಳಿಗ್ಗೆ ನಾನು ಮನೆಯಲ್ಲೇ ಇರುತ್ತೇನೆ. ಯಜಮಾನರ ಪುಸ್ತಕ ಹಿಡಿದುಕೊಂಡು ಬನ್ನಿ, ಮಕ್ಕಳ ಹೆಸರಿನ ಪುಟ ಮೊದಲು ನೋಡೋಣ.