ಡ್ರೈಯರ್ ಪೆಟ್ಟಿಗೆಯೂ ಕಣದ ಮೇಸ್ತ್ರಿಯೂ: ಅಮ್ಮತ್ತಿಯ ಓದುಗರಿಗೆ ಸಂಪಾದಕರ ಉತ್ತರ

ಕೊಡಗಿನ ಅಮ್ಮತ್ತಿ ಕಡೆಯ ರೋಬಸ್ಟಾ ಕಾಫಿ ಬೆಳೆಗಾರರೊಬ್ಬರು ಬರೆದಿರುವ ದೀರ್ಘ ಪತ್ರದ ಸಾರ ಇಷ್ಟು. ಕೊಯ್ಲಿನ ದಿನಗಳಲ್ಲೇ ಮಳೆ ಬೀಳುವುದು ಈಚೆಗೆ ಮಾಮೂಲಾಗಿರುವುದರಿಂದ ಕಣದ ಬಿಸಿಲನ್ನೇ ನೆಚ್ಚಿಕೊಂಡಿರಲಾಗದೆ ಅವರು ಸೌದೆ ಒಲೆಯ ಡ್ರೈಯರ್ ಕೊಳ್ಳುವ ಯೋಚನೆಯಲ್ಲಿದ್ದಾರೆ. ಅದರ ಜೊತೆಗೆ ಬರುವ ಕಂಪ್ಯೂಟರ್ ಪೆಟ್ಟಿಗೆಯೊಳಗೆ ‘ಎಕ್ಸ್‌ಪರ್ಟ್ ಸಿಸ್ಟಮ್’ (ತಜ್ಞರ ತಿಳಿವಳಿಕೆಯನ್ನು ನಿಯಮಗಳಾಗಿ ತುಂಬಿಕೊಂಡು ತೀರ್ಮಾನ ಹೇಳುವ ಪ್ರೋಗ್ರಾಮು) ಇದೆ, ಇನ್ನು ಕಣಕ್ಕೆ ಮೇಸ್ತ್ರಿಯೇ ಬೇಡ ಎಂದು ಮಾರಾಟಗಾರರು ಹೇಳಿದ್ದಾರಂತೆ. ಈ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು, ತಮ್ಮ ಹಳೆಯ ಮೇಸ್ತ್ರಿಗೆ ಗೊತ್ತಿರುವುದನ್ನು ಆ ಪೆಟ್ಟಿಗೆಗೆ ತುಂಬಿಸಲು ಬರುತ್ತದೆಯೇ, ಕರೆಂಟು ಹೋದರೆ ಗತಿಯೇನು ಎಂದು ಅವರು ಕೇಳಿದ್ದಾರೆ.

ಮಾರಾಟಗಾರರು ಎರಡು ಬೇರೆ ಬೇರೆ ಕೆಲಸಗಳನ್ನು ಒಂದೇ ಹೆಸರಿನಡಿ ಸೇರಿಸಿಬಿಟ್ಟಿದ್ದಾರೆ. ಬಿಸಿಗಾಳಿಯ ಉಷ್ಣತೆಯನ್ನು ಗೊತ್ತುಪಡಿಸಿದ ಮಟ್ಟದಲ್ಲಿ ಹಿಡಿದಿಡುವುದು ಒಂದು ಕೆಲಸ. ಆ ಮಟ್ಟ ಯಾವುದಿರಬೇಕು, ಎಷ್ಟು ಹೊತ್ತು ಇರಬೇಕು, ಯಾವಾಗ ನಿಲ್ಲಿಸಬೇಕು ಎಂದು ತೀರ್ಮಾನಿಸುವುದು ಇನ್ನೊಂದು. ಮೊದಲನೆಯದಕ್ಕೆ ಯಾವ ತಜ್ಞನ ಬುದ್ಧಿಯೂ ಬೇಕಾಗಿಲ್ಲ. ಉಗಿಯಂತ್ರದ ವೇಗವನ್ನು ಸುತ್ತುವ ಎರಡು ಗುಂಡುಗಳಿಂದ ಹತೋಟಿಯಲ್ಲಿಡುವ ಉಪಾಯವನ್ನು ಜೇಮ್ಸ್ ವ್ಯಾಟ್ 1788ರಷ್ಟು ಹಿಂದೆಯೇ ಬಳಸಿದ್ದರು. ಕಾರು ಕಾರ್ಖಾನೆಗಳಲ್ಲಿ ಗೋಡೆ ತುಂಬ ಇರುತ್ತಿದ್ದ ರಿಲೇಗಳ (ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚುಗಳ) ಜಾಗಕ್ಕೆ 1969ರ ಹೊತ್ತಿಗೆ ಡಿಕ್ ಮಾರ್ಲೆ ಮತ್ತು ಸಂಗಡಿಗರ ಮಾಡಿಕಾನ್ 084 ಎಂಬ ನಿಯಂತ್ರಕ ಬಂತು. ಇಂದು ಕಾರ್ಖಾನೆಗಳ ಕಂಟ್ರೋಲ್ ಪ್ಯಾನೆಲ್‌ಗಳಲ್ಲಿ ಕಾಣುವ ಪಿಎಲ್‌ಸಿ (ಪ್ರೋಗ್ರಾಮು ಹಾಕಿ ಯಂತ್ರ ನಡೆಸುವ ಸಣ್ಣ ಕಂಪ್ಯೂಟರ್) ಅದರದೇ ಸಂತತಿ. ಸೆನ್ಸರ್‌ಗಳನ್ನು ಓದುವುದು, ಬರೆದಿಟ್ಟ ಷರತ್ತುಗಳನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡುವುದು, ಮೋಟಾರು ಮತ್ತು ಗಾಳಿಯ ದಾರಿಯನ್ನು ತೆರೆದು ಮುಚ್ಚುವ ಡ್ಯಾಂಪರ್‌ಗಳಿಗೆ ಆಜ್ಞೆ ಕಳಿಸುವುದು, ಮತ್ತೆ ಮೊದಲಿನಿಂದ ಶುರುಮಾಡುವುದು: ಈ ಸುತ್ತನ್ನು ಅದು ಸೆಕೆಂಡಿಗೆ ಹಲವು ಬಾರಿ ಮುಗಿಸುತ್ತದೆ. ನಿಮ್ಮ ಡ್ರೈಯರಿಗೆ ಇದು ಬೇಕು, ಮತ್ತು ಇದಕ್ಕೆ ದುಬಾರಿ ಹೆಸರಿನ ಬೆಲೆ ತೆರುವ ಅಗತ್ಯವಿಲ್ಲ.

ಎರಡನೆಯ ಕೆಲಸದ ಪರಂಪರೆ ಪೂರ್ತಿ ಬೇರೆ. ಎಕ್ಸ್‌ಪರ್ಟ್ ಸಿಸ್ಟಮ್ ಎಂಬ ಹೆಸರು ಸಲ್ಲುವುದು ಇದಕ್ಕೇ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1970ರ ದಶಕದ ಮೊದಲ ಭಾಗದಲ್ಲಿ ಎಡ್ವರ್ಡ್ ಶಾರ್ಟ್‌ಲಿಫ್ ರೂಪಿಸಿದ ಮೈಸಿನ್ ಎಂಬ ಪ್ರೋಗ್ರಾಮು ರಕ್ತದ ಸೋಂಕಿಗೆ ಯಾವ ಬ್ಯಾಕ್ಟೀರಿಯಾ ಕಾರಣವಿರಬಹುದು, ಯಾವ ಔಷಧ ಕೊಡಬೇಕು ಎಂದು ಸಲಹೆ ಕೊಡುತ್ತಿತ್ತು. ಅದರೊಳಗೆ ಇದ್ದದ್ದು ‘ಹೀಗಿದ್ದರೆ ಹಾಗೆ’ ಎಂಬ ರೂಪದ ಕೆಲವು ನೂರು ನಿಯಮಗಳು, ಪ್ರತಿ ನಿಯಮಕ್ಕೂ ಅದನ್ನು ಎಷ್ಟು ನಂಬಬಹುದೆಂಬ ಒಂದು ಅಂಕಿ. ಪ್ರೋಗ್ರಾಮು ಪ್ರಶ್ನೆ ಕೇಳಿದಾಗ ವೈದ್ಯರು ‘ಇದನ್ನೇಕೆ ಕೇಳುತ್ತೀ?’ ಎಂದು ತಿರುಗಿ ಕೇಳಬಹುದಿತ್ತು. ಆಗ ಅದು ತಾನು ಪರಿಶೀಲಿಸುತ್ತಿರುವ ನಿಯಮವನ್ನೇ ಮುಂದಿಡುತ್ತಿತ್ತು. ಪರೀಕ್ಷೆಗೆ ಒಡ್ಡಿದಾಗ ಅಲ್ಲಿನ ಅಧ್ಯಾಪಕ ವೈದ್ಯರಿಗಿಂತ ಕಡಿಮೆಯೇನೂ ಇಲ್ಲವೆನಿಸಿಕೊಂಡರೂ ಅದು ದಿನನಿತ್ಯದ ಚಿಕಿತ್ಸೆಗೆ ಬಳಕೆಯಾಗಲಿಲ್ಲ. ಇಲ್ಲಿ ಗಮನಿಸಬೇಕಾದದ್ದು, ಸಲಹೆಗೂ ಸೂಜಿ ಚುಚ್ಚುವುದಕ್ಕೂ ನಡುವೆ ಒಬ್ಬ ಮನುಷ್ಯ ಇದ್ದೇ ಇದ್ದ ಎಂಬುದನ್ನು.

ಹಾಗಾದರೆ ನಿಯಮಗಳ ಕೈಗೆ ಯಂತ್ರವನ್ನು ಕೊಟ್ಟವರೇ ಇಲ್ಲವೇ? ಇದ್ದಾರೆ. ಲಂಡನ್ನಿನ ಕ್ವೀನ್ ಮೇರಿ ಕಾಲೇಜಿನಲ್ಲಿ ಇಬ್ರಾಹಿಂ ಮಾಮ್ದಾನಿ 1970ರ ದಶಕದ ನಡುವೆ, ‘ಒತ್ತಡ ಸ್ವಲ್ಪ ಕಡಿಮೆ, ಏರುತ್ತಲೂ ಇಲ್ಲ, ಆದ್ದರಿಂದ ಶಾಖವನ್ನು ತುಸು ಹೆಚ್ಚಿಸು’ ಎಂಬಂಥ ಮಾತುಗಳಿಂದಲೇ ಪ್ರಯೋಗಾಲಯದ ಸಣ್ಣ ಉಗಿಯಂತ್ರವೊಂದನ್ನು ನಡೆಸಿ ತೋರಿಸಿದರು. ಇದರ ಬೆನ್ನಿಗೇ ಡೆನ್ಮಾರ್ಕಿನಲ್ಲಿ ಸಿಮೆಂಟ್ ಕುಲುಮೆಗಳಿಗೆ ಇದೇ ಬಗೆಯ ಹತೋಟಿ ಬಂತು. ಕುಲುಮೆಯ ಒಳಗಿನ ಬಣ್ಣ ನೋಡಿ ಇಂಧನ ಹೆಚ್ಚಿಸುವ, ತಗ್ಗಿಸುವ ಅನುಭವಿ ಕೆಲಸಗಾರರ ಪರಿಪಾಠವೇ ಅಲ್ಲಿ ನಿಯಮಗಳಾದವು. ಈ ಉದಾಹರಣೆ ನಿಮಗೆ ಹತ್ತಿರದ್ದು, ಏಕೆಂದರೆ ಕಾಫಿ ಒಣಗುವುದೂ ನಿಧಾನದ ಕೆಲಸ. ಸೌದೆ ಈಗ ಹಾಕಿದರೆ ಗಾಳಿ ಬಿಸಿಯಾಗುವುದು ಆಮೇಲೆ. ಅದನ್ನು ಬರೀ ಥರ್ಮಾಮೀಟರ್ ನೋಡಿ ನಡೆಸಹೊರಟರೆ ಬಿಸಿ ಒಮ್ಮೆ ಮೇಲಕ್ಕೆ ಹಾರಿ ಮತ್ತೆ ಕೆಳಗಿಳಿಯುತ್ತಲೇ ಇರುತ್ತದೆ. ಹಾಗಾಗಿ ನಿಯಮಗಳಿಂದ ಪ್ರಯೋಜನವಿಲ್ಲವೆಂದು ನಾವು ಹೇಳುವುದಿಲ್ಲ.

ಇನ್ನು ನಿಮ್ಮ ಮೇಸ್ತ್ರಿಯ ವಿಷಯ. ಪತ್ರದ ಈ ಭಾಗವೇ ನಮಗೆ ಹೆಚ್ಚು ಹಿಡಿಸಿತು. ಚೆರ್ರಿ (ಸಿಪ್ಪೆಸಹಿತ ಒಣಗಿಸುವ ಕಾಫಿ ಹಣ್ಣು) ಒಣಗಿದೆಯೇ ಎಂದು ತಿಳಿಯುವುದು ಹೇಗೆ ಎಂದು ಕೇಳಿದರೆ, ಮುಷ್ಟಿಯಲ್ಲಿ ಹಿಡಿದು ಅಲುಗಿಸಿದಾಗ ಗಲಗಲ ಎನ್ನಬೇಕು ಎಂದು ಅವರು ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ. ಅದನ್ನೇ ಬರೆದುಕೊಂಡು ಬಂದವನ ಪ್ರೋಗ್ರಾಮು ಮೊದಲ ವಾರದಲ್ಲೇ ಕೆಡುತ್ತದೆ. ಅದರ ಬದಲು ನಿರ್ದಿಷ್ಟ ಸಂದರ್ಭ ಹಿಡಿದು, ಹೋದ ಸಲ ಈ ರಾಶಿಯನ್ನು ಇನ್ನೊಂದು ದಿನ ಬಿಡಿ ಎಂದಿರಲ್ಲ, ಅದೂ ಗಲಗಲ ಅನ್ನುತ್ತಿತ್ತಲ್ಲ ಎಂದು ಕೇಳಿ ನೋಡಿ. ಆಗ ಹೊರಬರುತ್ತದೆ: ರಾಶಿಯ ಮೇಲಿನ ಹಣ್ಣಿನ ಸದ್ದನ್ನು ಅವರು ಲೆಕ್ಕಕ್ಕೇ ಹಿಡಿಯುವುದಿಲ್ಲ, ನಡುವಿನಿಂದ ತೆಗೆಯುತ್ತಾರೆ, ಮಧ್ಯಾಹ್ನದ ಸುಡುಬಿಸಿಲಿನ ಸದ್ದನ್ನು ನಂಬುವುದಿಲ್ಲ, ರಾತ್ರಿ ಟಾರ್ಪಾಲಿನ ಅಡಿ ಇದ್ದದ್ದು ಬೆಳಿಗ್ಗೆ ಮಂಜು ಬಿಟ್ಟ ಮೇಲೂ ಹಾಗೇ ಸದ್ದು ಮಾಡಿದರೆ ಮಾತ್ರ ಒಪ್ಪುತ್ತಾರೆ, ಹಸಿರುಕಾಯಿ ಹೆಚ್ಚು ಬೆರೆತ ಕಡೆಯ ಕೊಯ್ಲಿನ ಮಾಲಿಗೆ ಅವರ ಅಳತೆಯೇ ಬೇರೆ. ಹೀಗೆ ಒಂದು ನಿಯಮದ ಜಾಗದಲ್ಲಿ ನಾಲ್ಕೈದು ನಿಯಮಗಳಾಗುತ್ತವೆ. ಈ ಕ್ಷೇತ್ರದ ಹಿರಿಯರಾದ ಎಡ್ವರ್ಡ್ ಫೈಗೆನ್‌ಬಾಮ್ ಎಕ್ಸ್‌ಪರ್ಟ್ ಸಿಸ್ಟಮ್ ಕಟ್ಟುವುದರಲ್ಲಿ ಅತಿ ಕಷ್ಟದ ಹಂತವೆಂದು ಗುರುತಿಸಿದ್ದು ಇದನ್ನೇ: ತಜ್ಞನ ತಲೆಯಿಂದ ತಿಳಿವಳಿಕೆಯನ್ನು ಹೊರತೆಗೆಯುವುದನ್ನು. ಸಾಧ್ಯವಿಲ್ಲದ ಕೆಲಸವಲ್ಲ, ಆದರೆ ಮೇಸ್ತ್ರಿಯ ಪಕ್ಕದಲ್ಲಿ ಒಂದು ಇಡೀ ಕೊಯ್ಲು ಕೂರದೆ ಆಗುವ ಕೆಲಸವೂ ಅಲ್ಲ. ನಿಮಗೆ ಪೆಟ್ಟಿಗೆ ತೋರಿಸಿದವರು ಯಾರ ಕಣದಲ್ಲಿ ಕೂತಿದ್ದರು ಎಂದು ಕೇಳಿದರೆ ತಪ್ಪಿಲ್ಲ.

ನಿಯಮಗಳಿಗಿಂತ ದೊಡ್ಡ ತೊಡಕು ಅಳತೆಯದು. ರೋಬಸ್ಟಾ ಚೆರ್ರಿಯನ್ನು ಶೇ 11ರ ತೇವಾಂಶಕ್ಕೆ ಇಳಿಸಬೇಕೆಂಬುದು ನಿಮಗೆ ಗೊತ್ತಿರುವುದೇ. ಆದರೆ ಡ್ರಮ್ಮಿನೊಳಗೆ ತಿರುಗುತ್ತಿರುವ ಬಿಸಿ ಚೆರ್ರಿಯ ತೇವಾಂಶವನ್ನು ನೆಟ್ಟಗೆ ಹೇಳುವುದು ಸುಲಭವಲ್ಲ. ಸಾಮಾನ್ಯ ಮೀಟರುಗಳು ವಿದ್ಯುತ್ ಗುಣವನ್ನು ಅಳೆದು ತೇವಾಂಶವನ್ನು ಊಹಿಸುತ್ತವೆ. ಮಾಲಿನ ಬಿಸಿ, ಅದು ಎಷ್ಟು ಒತ್ತಾಗಿ ತುಂಬಿದೆ, ಚೆರ್ರಿಯೋ ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಪಾರ್ಚ್‌ಮೆಂಟೋ ಎಂಬುದರ ಮೇಲೆ ಅಂಕಿ ಬದಲಾಗುತ್ತದೆ. ಹೊರಗಿನ ಸಿಪ್ಪೆ ಒಣಗಿ ಒಳಗಿನ ಬೀಜ ಹಸಿಯಿದ್ದರೆ ಈಗ 11 ತೋರಿಸಿದ ಮಾಲು ಮೂಟೆ ಕಟ್ಟಿಟ್ಟ ಮೇಲೆ 13 ತೋರಿಸಿದರೂ ಆಶ್ಚರ್ಯವಿಲ್ಲ. ಅಂಥ ಅಂಕಿಯ ಮೇಲೆ ಎಷ್ಟು ಜಾಣ ನಿಯಮ ಕೂರಿಸಿದರೂ ಅದು ತಪ್ಪು ತೀರ್ಮಾನವನ್ನೇ ಆತ್ಮವಿಶ್ವಾಸದಿಂದ ಕೊಡುತ್ತದೆ. ಮಾಲನ್ನು ತೆಗೆದು ಆರಲು ಬಿಟ್ಟು ಅಳೆಯಿರಿ. ಮೀಟರನ್ನು ಓವನ್ ಪದ್ಧತಿಯ (ಮಾದರಿಯನ್ನು ಓವನ್ನಿನಲ್ಲಿ ಒಣಗಿಸಿ ತೂಕದ ಇಳಿಕೆಯಿಂದ ತೇವಾಂಶ ಲೆಕ್ಕ ಹಾಕುವ ಕ್ರಮ) ಫಲಿತಾಂಶದೊಂದಿಗೆ ಆಗಾಗ ತಾಳೆ ನೋಡಿ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ ನಿಮಗೆ ದೂರವಿಲ್ಲ, ಅಲ್ಲಿ ವಿಚಾರಿಸಬಹುದು.

ಕರೆಂಟಿನ ಪ್ರಶ್ನೆಯನ್ನು ನೀವು ಕೊನೆಗೆ ಕೇಳಿದ್ದೀರಿ; ನಾವಾಗಿದ್ದರೆ ಮೊದಲು ಕೇಳುತ್ತಿದ್ದೆವು. ಕರೆಂಟು ಹೋದೊಡನೆ ಬ್ಲೋವರ್ ನಿಲ್ಲುತ್ತದೆ, ಡ್ರಮ್ಮು ನಿಲ್ಲುತ್ತದೆ, ಒಲೆಯ ಸೌದೆ ಮಾತ್ರ ಉರಿಯುತ್ತಲೇ ಇರುತ್ತದೆ. ಯುಪಿಎಸ್ ಇದ್ದರೆ ಕಂಪ್ಯೂಟರಿಗೆ ಎಚ್ಚರವಿರುತ್ತದೆ, ಬಿಸಿ ಏರುತ್ತಿರುವುದೂ ತಿಳಿಯುತ್ತದೆ, ಆದರೆ ಏನನ್ನಾದರೂ ಮಾಡಲು ಅದಕ್ಕೆ ಕೈಕಾಲುಗಳೇ ಇರುವುದಿಲ್ಲ. ಆದ್ದರಿಂದ ಕರೆಂಟು ಹೋದಾಗ ತನ್ನ ಭಾರದಿಂದಲೇ ಬಿದ್ದು ಬಿಸಿಯನ್ನು ನೇರವಾಗಿ ಚಿಮಣಿಗೆ ತಿರುಗಿಸುವ ಡ್ಯಾಂಪರ್ ಇದೆಯೇ ಎಂದು ನೋಡಿ. ಉಷ್ಣತೆ ಮಿತಿ ಮೀರಿದರೆ ಒಲೆಗೆ ಗಾಳಿ ಒದಗಿಸುವ ಫ್ಯಾನನ್ನು ನಿಲ್ಲಿಸುವ ಸ್ವಿಚ್ಚು ಪ್ರೋಗ್ರಾಮಿನ ಮೂಲಕ ಹೋಗದೆ ಪ್ರತ್ಯೇಕ ತಂತಿಯಲ್ಲಿರಬೇಕು. ಕರೆಂಟು ವಾಪಸು ಬಂದಾಗ ಯಂತ್ರ ತಾನಾಗಿ ಶುರುವಾಗಕೂಡದು. ಡ್ರಮ್ಮಿಗೆ ಕೈ ಹಾಕಿ ನೋಡುತ್ತಿರುವ ಆಳೊಬ್ಬ ಅಲ್ಲಿರಬಹುದು. ಈ ಮೂರರಲ್ಲಿ ಯಾವುದಕ್ಕೂ ಎಕ್ಸ್‌ಪರ್ಟ್ ಸಿಸ್ಟಮ್‌ನ ಸಂಬಂಧವಿಲ್ಲ, ಮತ್ತು ಇವುಗಳನ್ನು ಅದರ ಸುಪರ್ದಿಗೆ ಬಿಡಲೂಬಾರದು.

ಕೊಳ್ಳುವ ಮುನ್ನ ಒಂದು ವಿಷಯವನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಿ: ನಿಯಮಗಳನ್ನು ತಿದ್ದುವವರು ಯಾರು? ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿ ತನ್ನ ಕಂಪ್ಯೂಟರುಗಳ ಆರ್ಡರುಗಳಿಗೆ ಭಾಗಗಳನ್ನು ಹೊಂದಿಸಲು 1980ರಿಂದ ಬಳಸಿದ ಎಕ್ಸ್‌ಕಾನ್ ಎಂಬ ಎಕ್ಸ್‌ಪರ್ಟ್ ಸಿಸ್ಟಮ್ ಆ ಕಾಲದ ದೊಡ್ಡ ಯಶಸ್ಸು. ಆದರೂ ಹೊಸ ಮಾದರಿಗಳು ಬಂದಂತೆಲ್ಲ ನಿಯಮಗಳು ಸಾವಿರಗಳ ಲೆಕ್ಕದಲ್ಲಿ ಬೆಳೆದು, ಅವನ್ನು ಸರಿಪಡಿಸುತ್ತಲೇ ಇರಲು ಒಂದು ತಂಡವನ್ನೇ ಇಟ್ಟುಕೊಳ್ಳಬೇಕಾಯಿತು. ನಿಮ್ಮ ತೋಟದಲ್ಲಿ ಆ ತಂಡವೆಂದರೆ ಮೇಸ್ತ್ರಿ ಮತ್ತು ತೋಟದ ಲೆಕ್ಕ ಬರೆಯುವ ರೈಟರ್ ಇಬ್ಬರೇ. ಪರದೆಯ ಮೇಲೆ ನಿಯಮಗಳು ಕನ್ನಡದಲ್ಲಿ ಕಾಣುವಂತಿದ್ದು, ‘ಏಕೆ?’ ಎಂದು ಒತ್ತಿದರೆ ಕಾರಣ ತೋರಿಸುವಂತಿದ್ದು, ಅವರಿಬ್ಬರೇ ತಿದ್ದಬಹುದಾದಂತಿದ್ದರೆ ಮೊದಲ ಕೊಯ್ಲಿಗೆ ಅದನ್ನು ಸಲಹೆಗಾರನಾಗಿ ಮಾತ್ರ ಇಟ್ಟುಕೊಳ್ಳಿ. ಅದು ಹೇಳಿದ್ದನ್ನೂ ಮೇಸ್ತ್ರಿ ಹೇಳಿದ್ದನ್ನೂ ರೈಟರ್ ಕಣದ ಪುಸ್ತಕದಲ್ಲಿ ಅಕ್ಕಪಕ್ಕ ಬರೆದಿಡಲಿ, ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನಿಂದ ಬಂದ ತೇವಾಂಶದ ಅಂಕಿಯನ್ನು ಮೂರನೆಯ ಸಾಲಿನಲ್ಲಿ ಸೇರಿಸಲಿ. ನಿಯಮಗಳನ್ನು ಮುಚ್ಚಿಟ್ಟು ಮಾರುವುದಾದರೆ ಥರ್ಮೋಸ್ಟಾಟ್, ಟೈಮರ್ ಇರುವ ಸಾದಾ ಡ್ರೈಯರನ್ನೇ ತೆಗೆದುಕೊಂಡು, ಉಳಿದ ಹಣವನ್ನು ಒಳ್ಳೆಯ ತೇವಾಂಶ ಮೀಟರಿಗೂ ಆ ಡ್ಯಾಂಪರಿಗೂ ಹಾಕಿ.