ಮುತ್ಯಾನ ಮೊಂಡು ಪೆನ್ಸಿಲ್: ವಾಡಿ ಓದುಗರಿಗೆ ಸಂಪಾದಕರ ಉತ್ತರ

ವಾಡಿಯಿಂದ ಬರೆದ ಓದುಗರೇ, ನಮಸ್ಕಾರ್ರಿ. ನಿಮ್ಮ ಪತ್ರ ಪೂರ್ತಿ ಹಾಕಾಕ ಜಾಗಿಲ್ಲ, ಅದಕ್ಕ ಬಾಕಿ ಓದುಗರಿಗೆ ಸಣ್ಣಗ ಹೇಳಿಬಿಡ್ತೀನಿ. ಇವರ ಮುತ್ಯಾ ಎರಡನೇ ಮಹಾಯುದ್ಧಕ್ಕ ಬರ್ಮಾ ಕಡಿ ಹೋಗಿ ಬಂದೋರು, ಊರಾಗ "ಮಿಲ್ಟ್ರಿ ಡಾಕ್ಟರ್" ಅಂತಾನೇ ಹೆಸರು. ಈಗ ಹಳೇ ಮನಿ ಕೆಡವೋವಾಗ ಸಂದೂಕದಾಗ ಒಂದು ಪೇ ಬುಕ್ (ಸಿಪಾಯಿಯ ಪಗಾರ, ನೌಕರಿ ವಿವರ ಬರೆದಿಡೋ ಪುಸ್ತಕ), ಒಂದು ತಂಬಾಕಿನ ತಗಡಿನ ಡಬ್ಬಿ, ಡಬ್ಬಿಯೊಳಗ ಅರಿವ್ಯಾಗ ಸುತ್ತಿದ ಬೆರಳುದ್ದದ ಪೆನ್ಸಿಲ್ ಸಿಕ್ಕಾವ. ಪೇ ಬುಕ್ಕಿನಾಗ ಡಾಕ್ಟರ್ ಅಂತ ಎಲ್ಲೂ ಇಲ್ಲ, "ನರ್ಸಿಂಗ್ ಸಿಪಾಯಿ" ಅಂತ ಅದ, ಅದನ್ನ ನೋಡಿ ಮನಿ ಮಂದಿ ಮುಖ ಸಣ್ಣ ಮಾಡ್ಕೊಂಡಾರ. ಸಾಲದ್ದಕ್ಕ ಮೊಮ್ಮಗಳು ಪೆನ್ಸಿಲ್ ನೆಕ್ಕಿ ನಾಲಿಗಿ ನೇರಳೆ ಮಾಡ್ಕೊಂಡಾಳ. ಮೆಡಲ್ ಇಲ್ಲ, ಪಿಸ್ತೂಲ್ ಇಲ್ಲ, ಇದನ್ನ್ಯಾಕ ಇಷ್ಟು ಜೋಪಾನ ಮಾಡಿದ್ರು ಅಂತ ಕೇಳ್ಯಾರ.

ಮೊದಲು ಆ ಡಬ್ಬಿ ಪೋರಿ ಕೈಗೆ ಸಿಗದಂಗ ಎತ್ತಿಡ್ರಿ, ಅದರೊಳಗಿನ ಬಣ್ಣ ವಿಷ, ಕಣ್ಣಿಗಂತೂ ಭಾಳ ಕೆಟ್ಟದ್ದು. ಅದು ಕಾಪಿಯಿಂಗ್ ಪೆನ್ಸಿಲ್. ಗ್ರಾಫೈಟ್ ಜೋಡಿ ನೇರಳೆ ಬಣ್ಣ ಕಲಸಿರ್ತಾರ, ಒಣ ಇದ್ದಾಗ ಸಾದಾ ಪೆನ್ಸಿಲ್ ಹಂಗ ಬರೀತದ, ಹಸಿ ತಾಗಿದ್ರ ಶಾಯಿ ಆಗ್ತದ, ರಬ್ಬರಿಗೂ ಹೋಗಂಗಿಲ್ಲ. ಬಾಲ್ ಪೆನ್ ಬರೋಕ್ಕಿಂತ ಮುಂಚೆ ಆಫೀಸಿನಾಗ, ಮಿಲ್ಟ್ರಿಯಾಗ ಇದರದೇ ಕಾರಭಾರ.

ಯುದ್ಧದಾಗ ಇದರ ದೊಡ್ಡ ಕೆಲಸ ಅಂದ್ರ ಹಣಿ ಮ್ಯಾಲ ಬರಿಯೋದು. ಗಾಯ ಆದೋನಿಗೆ ನೋವು ಕಡಿಮಿ ಮಾಡೋ ಮಾರ್ಫಿನ್ ಚುಚ್ಚಿದ್ರು ಅಂದ್ರ ಅವನ ಹಣಿ ಮ್ಯಾಲ ಇಂಗ್ಲಿಷಿನ "ಎಂ" ಅಕ್ಷರ, ಮಗ್ಗಲಕ್ಕ ಟೈಮು. ಯಾಕಂದ್ರ ರಕ್ತ ಹೋಗಿ ಶಾಕ್ ಆದೋನ ಚರ್ಮದಾಗ ರಕ್ತ ಸರಿಯಾಗಿ ಓಡಂಗಿಲ್ಲ, ಚುಚ್ಚಿದ ಔಷಧ ಅಲ್ಲೇ ಕುಂತಿರ್ತದ, ನೋವು ಕಡಿಮಿ ಆಗಲಿಲ್ಲಂತ ಮುಂದಿನ ಗಾಯ ಕಟ್ಟೋ ಠಾಣೆ, ಅಂದ್ರ ಡ್ರೆಸ್ಸಿಂಗ್ ಸ್ಟೇಷನ್‌ದಾಗ ಯಾರೋ ಇನ್ನೊಂದು ಚುಚ್ಚಿಬಿಡ್ತಾರ, ಆಮ್ಯಾಲ ಅವನು ಸ್ವಲ್ಪ ಚೇತರಿಸ್ಕೊಂಡು ರಕ್ತ ಓಡಾಕ ಹತ್ತಿದ ಕೂಡ್ಲೆ ಎರಡೂ ಒಮ್ಮೆಲೇ ಏರಿ ಉಸಿರು ನಿಂತುಬಿಡ್ತದ. ಅಂದ್ರ ಗುಂಡಿಗೆ ಸಾಯದೋನು ದವಾಖಾನ್ಯಾಗ ಸಾಯ್ತಾನ. ರಕ್ತ ನಿಲ್ಲಿಸಾಕ ಬಿಗಿಯಾಗಿ ಟೂರ್ನಿಕೆಟ್ ಪಟ್ಟಿ ಕಟ್ಟಿದ್ರ "ಟಿ" ಅಂತ ಬರಿಯೋರು, ಅದನ್ನ ಮರೆತ್ರ ಕೈನೋ ಕಾಲೋ ಹೋಯ್ತು. ಬೆವರಿದ ಹಣಿಗೆ ಸಾದಾ ಪೆನ್ಸಿಲ್ ಹತ್ತಂಗಿಲ್ರಿ, ಇದಕ್ಕ ಬೆವರೇ ಶಾಯಿ.

ಈಗ ಡಾಕ್ಟರ್ ಮಾತು. ನೂರಾರು ಸಿಪಾಯಿಗಳ ಒಂದು ಬಟಾಲಿಯನ್‌ಗೆ ಇರ್ತಿದ್ದ ಮೆಡಿಕಲ್ ಆಫೀಸರ್ ಒಬ್ಬನೇ. ಸ್ಟ್ರೆಚರ್ ಹೊರೋದು, ಅಂಗಿ ಹರಿದು ಗಾಯ ಕಟ್ಟೋದು, ರಾತ್ರಿಯೆಲ್ಲಾ ಮಗ್ಗಲಕ್ಕ ಕುಂತು ನಾಡಿ ನೋಡೋದು, ಹಣಿ ಮ್ಯಾಲಿಂದು ಓದಿ ಸೂಜಿ ಹಿಡಿದ ಕೈ ತಡಿಯೋದು, ಇದೆಲ್ಲಾ ನಿಮ್ಮ ಮುತ್ಯಾನಂಥೋರ ಪಾಲಿಗೆ ಬಂದ ಕೆಲಸ. ಅದಕ್ಕ ಡಾಕ್ಟರ್ ಅನ್ನೋ ಹಾರ ಯಾಕ ಬೇಕ್ರಿ? ಡಾಕ್ಟರ್ ಅಂತ ಹೇಳ್ಕೊಂತ ಹೋದ್ರ ಅವರು ಖರೇನೇ ಮಾಡಿದ್ದು ಮುಚ್ಚಿ ಹೋಗ್ತದ ಅಂತ ನನ್ನ ಅಭಿಪ್ರಾಯ. ಗ್ವಾಡಿ ಮ್ಯಾಲಿನ ಫೋಟೋ ಕೆಳಗ "ನರ್ಸಿಂಗ್ ಸಿಪಾಯಿ" ಅಂತಾನೇ ಬರೆಸ್ರಿ.

ಪೇ ಬುಕ್ಕಿನಾಗ ಐಎಚ್‌ಸಿ ಅಂತ ಇದ್ದದ್ದನ್ನ ಗೀಟು ಹೊಡೆದು ಐಎಎಂಸಿ ಮಾಡ್ಯಾರ, ಏನರೆ ಪನಿಶ್ಮೆಂಟ್ ಏನು ಅಂತ ಕೇಳೀರಿ. ಅಲ್ರಿ. 1943ರ ಏಪ್ರಿಲ್ 3ಕ್ಕ ಇಂಡಿಯನ್ ಹಾಸ್ಪಿಟಲ್ ಕೋರ್ ಮತ್ತ ಇನ್ನೆರಡು ವೈದ್ಯಕೀಯ ಸೇವೆ ಕೂಡಿಸಿ ಇಂಡಿಯನ್ ಆರ್ಮಿ ಮೆಡಿಕಲ್ ಕೋರ್ ಮಾಡಿದ್ರು, ಎಲ್ಲರ ಬುಕ್ಕಿನಾಗೂ ಹೆಸರು ಬದಲಾಗಬೇಕಿತ್ತು, ಅಷ್ಟೇ.

ರಜಾಕ್ಕ ಬಂದಾಗ ಮೈ ಹಳದಿ ಆಗಿತ್ತು, ಕಾಮಾಲಿ ಅಂತ ಊರಾಗ ಔಷಧ ಕುಡಿಸಿದ್ರು ಅಂತ ಬರೆದೀರಲ್ಲ, ಓದಿ ನಕ್ಕೆ. ಅದು ಮಲೇರಿಯಾಕ್ಕ ದಿನಾ ನುಂಗಿಸ್ತಿದ್ದ ಮೆಪಾಕ್ರಿನ್ ಗುಳಿಗಿ ಬಣ್ಣ. 1943ರಾಗ ಬರ್ಮಾ ಗಡಿಯೊಳಗ ಗಾಯ ಆಗಿ ಹಿಂದಕ್ಕ ಬಂದೋನು ಒಬ್ಬನಾದ್ರ ಜಡ್ಡು ಬಿದ್ದು ಬಂದೋರು 120 ಮಂದಿ ಅಂತ ಅಲ್ಲಿ ಸೈನ್ಯ ನಡೆಸಿದ ಜನರಲ್ ಸ್ಲಿಮ್ ಬರೆದಾರ. ಕಹಿ ಗುಳಿಗಿ ಉಗುಳದಂಗ ನೋಡ್ಕೊಳ್ಳೋದೂ ಒಂದು ಯುದ್ಧನೇ ಆಗಿತ್ತು.

ಬರ್ಮಾದ ಕರಾವಳಿ ಸೀಮೆ ಅರಾಕಾನ್ ಹೆಸರು ತೆಗೆದ್ರ ಮುತ್ಯಾ ಎದ್ದು ಹೊರಗ ಹೋಗ್ತಿದ್ರು ಅಂದೀರಿ. 1944ರ ಫೆಬ್ರವರಿ 7ರ ರಾತ್ರಿ ಅಲ್ಲಿ ಸಿಂಜ್ವೇಯಾದಾಗ ಮೇನ್ ಡ್ರೆಸ್ಸಿಂಗ್ ಸ್ಟೇಷನ್‌ಗೇ ಜಪಾನಿ ಸೈನಿಕರು ನುಗ್ಗಿದ್ರು. ಡಾಕ್ಟರು, ಆರ್ಡರ್ಲಿ, ಮಲಗಿದ್ದ ಗಾಯಾಳುಗಳು, ಭಾಳ ಮಂದಿನ್ನ ಕೊಂದ್ರು. ಇದಕ್ಕಿಂತ ಹೆಚ್ಚು ನಾ ಏನೂ ಹೇಳಂಗಿಲ್ಲ.

ಹೈದರಾಬಾದಿನ ಒಬ್ಬರು ಪೇ ಬುಕ್ ಅಷ್ಟೇ ಕೊಡ್ರಿ, ಪೆನ್ಸಿಲ್ ನೀವೇ ಇಟ್ಕೊರಿ ಅಂದಾರಂತ. ಕೊಡಬ್ಯಾಡ್ರಿ, ಎರಡೂ ಬ್ಯಾರೆ ಆದ್ರ ಯಾವುದಕ್ಕೂ ಕತಿ ಉಳಿಯಂಗಿಲ್ಲ. ಪೆನ್ಸಿಲ್ ಚೂಪು ಮಾಡಬ್ಯಾಡ್ರಿ, ಹಸಿ ಅರಿವಿಲೆ ಒರೆಸಬ್ಯಾಡ್ರಿ, ಹೊಸ ಬೂಟಿನ ಡಬ್ಬ್ಯಾಗ ಬರ್ತದಲ್ಲ ಸಿಲಿಕಾ ಜೆಲ್ ಪುಡಕಿ, ಅದನ್ನೊಂದು ಡಬ್ಬ್ಯಾಗ ಹಾಕ್ರಿ. ಪೇ ಬುಕ್ಕಿನ ಮೊದಲ ಪುಟದ ಸರ್ವಿಸ್ ನಂಬರ್ ಹಾಕಿ ಲಖನೌದಾಗಿರೋ ಆರ್ಮಿ ಮೆಡಿಕಲ್ ಕೋರ್ ರೆಕಾರ್ಡ್ಸ್ ಆಫೀಸಿಗೆ ಒಂದು ರಿಜಿಸ್ಟರ್ಡ್ ಪತ್ರ ಬರೀರಿ, ಜವಾಬು ಬಂದ್ರ ನಮಗೂ ಒಂದು ಜೆರಾಕ್ಸ್ ಕಳಿಸ್ರಿ.