ತಿಂಗಳುಗಟ್ಟಲೆ ಬಿಡದ ತಲೆಸುತ್ತು

ಪ್ರಶ್ನೆ: ನನಗೆ 54 ವರ್ಷ. ಎಂಟು ತಿಂಗಳ ಹಿಂದೆ ಒಂದು ಬೆಳಗಿನ ಜಾವ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಇಡೀ ಕೋಣೆ ಗಿರ್ರನೆ ತಿರುಗಿ ವಾಂತಿಯಾಯಿತು. ಕೆಲವು ವಾರ ಹಾಗೆಯೇ ಬಂದುಹೋಗುತ್ತಿತ್ತು. ಈಗ ಸುತ್ತುವುದು ನಿಂತಿದೆ. ಆದರೆ ದಿನವಿಡೀ ನಿಂತ ನೆಲವೇ ಓಲಾಡಿದಂತಾಗುತ್ತದೆ, ಸಂತೆಯ ಗದ್ದಲದಲ್ಲಿ ಇನ್ನೂ ಹೆಚ್ಚು. ಕತ್ತಿನ ಎಕ್ಸ್‌ರೇ ನೋಡಿ ಸ್ಪಾಂಡಿಲೋಸಿಸ್ (ಕತ್ತಿನ ಮೂಳೆಯ ಸವೆತ) ಎಂದಿದ್ದಾರೆ. ಅಂದಿನಿಂದ ತಲೆಸುತ್ತಿನ ಮಾತ್ರೆ ನುಂಗುತ್ತಲೇ ಇದ್ದೇನೆ. ಕಾರಣವೇನಿರಬಹುದು?
– ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ಮಗ್ಗುಲು ಬದಲಿಸಿದಾಗ ಕೋಣೆ ತಿರುಗಿತು ಎಂದು ನೀವು ಬರೆದಿರುವುದೇ ಕಾರಣ ಹುಡುಕಲು ದೊಡ್ಡ ಸುಳಿವು. ಒಳಕಿವಿಯ ಒಂದು ಪುಟ್ಟ ಚೀಲದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಸೂಕ್ಷ್ಮ ಹರಳುಗಳಿರುತ್ತವೆ. ಅವು ಕಳಚಿ ಪಕ್ಕದ ಅರ್ಧವೃತ್ತಾಕಾರದ ನಾಳಕ್ಕೆ ಜಾರಿದರೆ, ತಲೆ ಹೊರಳಿಸಿದಾಗಲೆಲ್ಲ ಅಲ್ಲಿನ ದ್ರವವನ್ನು ಕದಲಿಸಿ, ತಲೆ ನಿಂತ ಮೇಲೂ ಅದು ತಿರುಗುತ್ತಿದೆ ಎಂಬ ತಪ್ಪು ಸುದ್ದಿ ಮಿದುಳಿಗೆ ತಲುಪುವಂತೆ ಮಾಡುತ್ತವೆ. ಬಿಪಿಪಿವಿ ಎಂದು ಕರೆಯುವ ಈ ಸುತ್ತು ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಅಡಗುತ್ತದೆ. ತಲೆಯನ್ನು 45 ಡಿಗ್ರಿ ಒಂದು ಪಕ್ಕಕ್ಕೆ ತಿರುಗಿಸಿ, ರೋಗಿಯನ್ನು ಥಟ್ಟನೆ ಅಂಗಾತ ಮಲಗಿಸಿ, ತಲೆಯನ್ನು ಮಂಚದ ಅಂಚಿನಿಂದ ತುಸು ಕೆಳಗಿಳಿಸಿ ಕಣ್ಣುಗುಡ್ಡೆಗಳ ಅದುರಾಟವನ್ನು ನೋಡುವ ಡಿಕ್ಸ್-ಹಾಲ್‌ಪೈಕ್ ಪರೀಕ್ಷೆಯಿಂದ ಇದು ತಿಳಿಯುತ್ತದೆ. ಹರಳು ಇನ್ನೂ ನಾಳದಲ್ಲಿದ್ದರೆ ಎಪ್ಲಿ ವಿಧಾನದಲ್ಲಿ ತಲೆಯನ್ನು ಹಂತಹಂತವಾಗಿ ಹೊರಳಿಸಿ ಅದನ್ನು ಹೊರಕ್ಕೆ ಜಾರಿಸಬಹುದು. ಮಾತ್ರೆಯಿಂದ ಈ ಕೆಲಸ ಆಗುವುದಿಲ್ಲ.

ಈಗಿನ ಓಲಾಟ ಬೇರೆಯದೇ ತೊಂದರೆ ಇರಬಹುದು. ಒಳಕಿವಿ ಸುಧಾರಿಸಿದ ಮೇಲೂ ಕೆಲವರಲ್ಲಿ ಮಿದುಳು ಎಚ್ಚರ ಸಡಿಲಿಸದೆ, ಸಮತೋಲನಕ್ಕಾಗಿ ಕಣ್ಣನ್ನೇ ಅತಿಯಾಗಿ ನೆಚ್ಚಿಕೊಳ್ಳುತ್ತದೆ. ಆದ್ದರಿಂದಲೇ ನಿಂತಾಗ, ನಡೆದಾಗ, ಜನ ಓಡಾಡುವ ಕಡೆ ತೊಂದರೆ ಹೆಚ್ಚು. ಇದು 3 ತಿಂಗಳಿಗೂ ಮೀರಿ ಉಳಿದರೆ ಪಿಪಿಪಿಡಿ ಎನ್ನುತ್ತಾರೆ. ತಲೆಸುತ್ತು, ಸಮತೋಲನದ ತೊಂದರೆಗಳ ತಜ್ಞರ ಅಂತರರಾಷ್ಟ್ರೀಯ ಸಂಘವಾದ ಬಾರಾನಿ ಸೊಸೈಟಿ ಇದರ ಲಕ್ಷಣಗಳನ್ನು ನಿಗದಿಪಡಿಸಿದ್ದು 2017ರಲ್ಲಿ. ಮನೆಯವರು ಯಾರಾದರೂ ಇದನ್ನು ಬರೀ ಭ್ರಮೆ ಎಂದರೆ ದಯವಿಟ್ಟು ಒಪ್ಪಬೇಡಿ. ಫಿಸಿಯೋಥೆರಪಿಸ್ಟರು ಕಲಿಸುವ ಸಮತೋಲನ ವ್ಯಾಯಾಮ ಇದರ ಮುಖ್ಯ ಚಿಕಿತ್ಸೆ. ಕೆಲವರಿಗೆ ಔಷಧಿಯೂ ಬೇಕಾಗುತ್ತದೆ.

50 ದಾಟಿದವರ ಕತ್ತಿನ ಎಕ್ಸ್‌ರೇಯಲ್ಲಿ ಮೂಳೆಯ ಸವೆತ ಕಾಣುವುದು ತೀರಾ ಸಾಮಾನ್ಯವಾದ್ದರಿಂದ, ಅದೊಂದನ್ನೇ ಹಿಡಿದು ತಲೆಸುತ್ತಿಗೆ ಕತ್ತೇ ಕಾರಣ ಎನ್ನುವುದು ಸರಿಯಲ್ಲ. ನೀವು ಮಾತ್ರೆಯ ಹೆಸರು ಬರೆದಿಲ್ಲ. ಪ್ರೊಕ್ಲೋರ್‌ಪೆರಜಿನ್ ಅಥವಾ ಸಿನ್ನರಿಜಿನ್ ಆಗಿದ್ದರೆ ನನಗೆ ನಿಜಕ್ಕೂ ಆತಂಕವಾಗುತ್ತದೆ. ಕೆಲವೇ ದಿನಗಳ ಬಳಕೆಗೆ ಯೋಗ್ಯವಾದ ಈ ಔಷಧಿಗಳು ತಿಂಗಳುಗಟ್ಟಲೆ ಮುಂದುವರಿದರೆ ಮಿದುಳು ಸಮತೋಲನವನ್ನು ಮತ್ತೆ ಕಲಿಯುವುದನ್ನು ನಿಧಾನಗೊಳಿಸುತ್ತವೆ. ವಯಸ್ಸಾದವರಲ್ಲಿ ಕೈ ನಡುಕ, ನಡಿಗೆಯ ಬಿಗಿತವನ್ನೂ ತರಬಲ್ಲವು. ನಿಲ್ಲಿಸುವ ಬಗೆಯನ್ನು ನಿಮ್ಮ ವೈದ್ಯರಲ್ಲೇ ಕೇಳಿ.

ಕಿವಿ ಮೊರೆತ ಮತ್ತು ಕಿವುಡಿನೊಂದಿಗೆ ಗಂಟೆಗಟ್ಟಲೆ ಸುತ್ತಿದರೆ ಮೆನಿಯರ್ ಎಂಬ ಒಳಕಿವಿಯ ಕಾಯಿಲೆಯನ್ನೂ, ತಲೆಶೂಲೆಯ ಹಿನ್ನೆಲೆಯಿದ್ದರೆ ಮೈಗ್ರೇನನ್ನೂ ಪರಿಗಣಿಸಬೇಕು. ಎದ್ದು ನಿಂತಾಗ ಕಣ್ಣು ಕತ್ತಲಿಟ್ಟರೆ ಮಲಗಿದಾಗಿನ ಮತ್ತು ನಿಂತಾಗಿನ ರಕ್ತದೊತ್ತಡ, ಹಿಮೊಗ್ಲೋಬಿನ್ ಪರೀಕ್ಷಿಸಿಕೊಳ್ಳಿ. ಸಸ್ಯಾಹಾರಿಯಾಗಿದ್ದರೆ ಬಿ12 ಕೂಡ. ಆದರೆ ತಲೆಸುತ್ತಿನ ಜೊತೆ ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ, ಕೈಕಾಲು ಸೋತರೆ, ಆಸರೆಯಿಲ್ಲದೆ ನಿಲ್ಲಲಾಗದಿದ್ದರೆ ಅಥವಾ ಹಠಾತ್ತನೆ ಕಿವಿ ಕೇಳದಾದರೆ, ಗಂಟೆಯನ್ನೂ ಕಳೆಯದೆ ದೊಡ್ಡ ಆಸ್ಪತ್ರೆಗೆ ಹೋಗಿ.